ರೇಡಿಯೋ ಕೇಳಿದ ಶನಿವಾರ

ಈ ಅಂಕಣದಲ್ಲಿ ವಾರವಾರವೂ ದಾಖಲೆ, ದಾವೆ, ಪ್ರಮಾಣಪತ್ರಗಳ ಮಾತನ್ನೇ ಓದುತ್ತ ಬಂದಿರುವ ವಾಚಕರಿಗೆ ಈ ವಾರ ಕೊಂಚ ಬಿಡುವು ಕೊಡಬೇಕೆಂದಿದ್ದೇನೆ. ನ್ಯಾಯಾಲಯಗಳಿಗೆ ಬೇಸಿಗೆಯ ರಜೆ, ಶಾಲೆಗಳಿಗೂ ರಜೆ. ಜತ್ತದ ಮೇ ತಿಂಗಳ ಬಿಸಿಲಿನಲ್ಲಿ ಕಕ್ಷಿದಾರರೂ ಮನೆ ಬಿಟ್ಟು ಹೊರಬೀಳುವುದಿಲ್ಲ. ಇಂಥ ದಿನಗಳಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಹೇಳುತ್ತೇನೆ. ಒಂದು ಶನಿವಾರ ಬೆಳಗಿನಿಂದ ನಡುರಾತ್ರಿಯವರೆಗೆ ಮನೆಮಂದಿಯೆಲ್ಲ ಕುಳಿತು ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತವನ್ನು ಕೇಳಿದೆವು.

ಇದಕ್ಕೆ ಕಾರಣ ನನ್ನ ಸಂಗೀತಾಸಕ್ತಿಯಲ್ಲ, ಮಗಳ ಗೃಹಪಾಠ. ಇಲ್ಲಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯನ್ನು ಮುಗಿಸಿದ ಅವಳಿಗೆ ಗುರುಗಳು ರಜೆಯ ಕೆಲಸವೆಂದು ಒಂದು ಹಾಳೆಯನ್ನು ಕೊಟ್ಟಿದ್ದರು. ಒಂದು ಇಡೀ ದಿನ ಆಕಾಶವಾಣಿಯ ಸಂಗೀತವನ್ನು ಕೇಳಿ, ಹೊತ್ತು, ರಾಗ, ಕಲಾವಿದರು, ಭಾಷೆ ಎಂದು ನಾಲ್ಕು ಅಂಕಣಗಳಲ್ಲಿ ಬರೆದು ತರಬೇಕು. ಹಿಂದಿನ ಸಂಜೆಯೇ ನನ್ನ ಹೆಂಡತಿಯ ಅಣ್ಣ ತಮ್ಮ ಮಗಳೊಂದಿಗೆ ಸಾಂಗಲಿಯಿಂದ ಬಂದಿದ್ದರು. ಅವರ ಚೀಲದಲ್ಲಿ ಇನ್ನೊಂದು ಕಾಗದವಿತ್ತು. ಅದು ಸಾಂಗಲಿಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯ ಪ್ರವೇಶಪತ್ರ. ಎಂಟನೆಯ ತರಗತಿಗೆ ನಮ್ಮ ಮಗಳನ್ನು ಅಲ್ಲಿಗೆ ಕಳುಹಿಸಬೇಕು, ತಮ್ಮ ಮನೆಯಲ್ಲೇ ಇರಲಿ ಎಂಬುದು ಅವರ ಅಭಿಪ್ರಾಯ. ಸೋದರಮಾವನ ಮಾತೆಂದರೆ ನಮ್ಮಲ್ಲಿ ತೂಕದ ಮಾತು. ಆ ಕಾಗದ ರಾತ್ರಿಯಿಡೀ ಮೇಜಿನ ಮೇಲೆ, ಗುರುಗಳು ಕೊಟ್ಟ ಹಾಳೆಯ ಪಕ್ಕದಲ್ಲೇ ಇತ್ತು.

ಬೆಳಗಿನ ಆರಕ್ಕೆ ಐದು ನಿಮಿಷ ಮೊದಲೇ ಎದ್ದು ತಂದೆಯವರ ಕಾಲದ ರೇಡಿಯೋವನ್ನು ಕಪಾಟಿನಿಂದ ಇಳಿಸಿದೆ. ಅದರೊಂದಿಗೆ ಹಳೆಯ ಪರವಾನಗಿ ಪುಸ್ತಕವೂ ಸಿಕ್ಕಿತು. ರೇಡಿಯೋ ಇಟ್ಟುಕೊಳ್ಳಲು ಅಂದು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಹಾಡು ಕೇಳಲೂ ಸರ್ಕಾರದ ಅಪ್ಪಣೆ ಬೇಕಿತ್ತೆ ಎಂದು ಮಕ್ಕಳಿಬ್ಬರೂ ನಕ್ಕರು. 765 ಕಿಲೋಹರ್ಟ್ಸ್‌ನ ಧಾರವಾಡ ಕೇಂದ್ರಕ್ಕೆ ಮುಳ್ಳು ತಿರುಗಿಸಿದರೆ ಬರೀ ಗುರುಗುರು ಸದ್ದು. ನನ್ನ ತಾಯಿ ಹಾಸಿಗೆಯಿಂದಲೇ ಹೇಳಿದರು: “ಆ ಲೈಟ್ ತಗಿ, ಮೊಬೈಲ್ ಚಾರ್ಜಿಗಿ ಹಚ್ಚಿದ್ದು ಕಿತ್ತಿಡು. ಆಮ್ಯಾಲ ರೇಡಿಯೋದ ಮಾರಿ ದಕ್ಷಿಣಕ್ಕ ಮಾಡು.” ಎಂಬತ್ತರ ಸಮೀಪದ ನನ್ನ ತಾಯಿಗೆ ವಿಜ್ಞಾನದ ಪಾಠವಾಗಿಲ್ಲ. ಆದರೆ ಎಲ್‌ಇಡಿ ದೀಪ, ಚಾರ್ಜರುಗಳು ಮಧ್ಯಮ ತರಂಗಕ್ಕೆ ಅಡ್ಡಿ ಮಾಡುತ್ತವೆಂಬುದೂ, ರೇಡಿಯೋದೊಳಗಿನ ಕಾಂತಕಡ್ಡಿ ಕೇಂದ್ರದ ದಿಕ್ಕಿಗೆ ಅಡ್ಡವಾಗಿದ್ದರೆ ಧ್ವನಿ ಚೆನ್ನಾಗಿ ಸಿಗುತ್ತದೆಂಬುದೂ ನಿಜ. ನಮ್ಮೂರಿಗೆ ಧಾರವಾಡ ನೇರ ದಕ್ಷಿಣ. ದೀಪ ಆರಿಸಿ, ಮುಖ ತಿರುಗಿಸಿದ ಕೂಡಲೇ ಆಕಾಶವಾಣಿಯ ಆರಂಭದ ರಾಗಮುದ್ರೆ ಕತ್ತಲೆಯ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಈ ರಾಗಮುದ್ರೆಯ ಕತೆಯನ್ನು ಮಕ್ಕಳಿಗೆ ಹೇಳಿದೆ. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು. ಹಿಟ್ಲರನ ಆಳ್ವಿಕೆಯ ಭಯದಿಂದ 1934ರಲ್ಲಿ ಯುರೋಪನ್ನು ಬಿಟ್ಟು ಮುಂಬಯಿಗೆ ಬಂದವರು, ಅಲ್ಲಿಯ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಅದರ ಸ್ವರಗಳು ನಮ್ಮ ಶಿವರಂಜನಿ ರಾಗಕ್ಕೆ ಸಂಬಂಧಿಸಿದವು. ‘ಆಕಾಶವಾಣಿ’ ಎಂಬ ಹೆಸರಾದರೋ ಕನ್ನಡ ನಾಡಿನದು. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರು ಅದು. ಅನಂತರ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ಪಡೆಯಿತು. ಮಗಳು ಹಾಳೆಯ ಮೊದಲ ಸಾಲಿನಲ್ಲಿ ಹೊತ್ತನ್ನು ಬರೆದು, ಭಾಷೆಯ ಅಂಕಣದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟಳು.

ವಾರ್ತೆ, ಚಿಂತನಗಳು ಮುಗಿದ ಬಳಿಕ ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣವೊಂದು ಬಂದಿತು. ರಾಗ ಶುಕ್ಲ ಬಿಲಾವಲ್, ಬೆಳಗಿನ ಹೊತ್ತಿನದು. ಉದ್ಘೋಷಕಿಯು ರಾಗ, ತಾಳ, ತಬಲಾ ಮತ್ತು ಹಾರ್ಮೋನಿಯಂ ಸಾಥಿದಾರರ ಹೆಸರುಗಳನ್ನು ಬಿಡಿಬಿಡಿಯಾಗಿ, ಅವಸರವಿಲ್ಲದೆ ಹೇಳಿದರು. ನಾನು ಬಾಲ್ಯದಲ್ಲಿ ಶಿಷ್ಟ ಕನ್ನಡದ ಉಚ್ಚಾರವನ್ನು ಕಲಿತದ್ದು ಶಾಲೆಯಲ್ಲಿ ಅರ್ಧ, ಧಾರವಾಡದ ಈ ಉದ್ಘೋಷಣೆಗಳಲ್ಲಿ ಅರ್ಧ. ಮನೆಯಲ್ಲಿ ನಮ್ಮದು ಗಡಿಯ ಕನ್ನಡ, ಪೇಟೆಯಲ್ಲಿ ಮರಾಠಿ. ‘ಈಗ ಪ್ರಸಾರವಾಗಲಿದೆ’ ಎಂಬಂಥ ಕನ್ನಡ ನಮ್ಮ ಕಿವಿಗೆ ಬೀಳುತ್ತಿದ್ದುದು ರೇಡಿಯೋದಿಂದ ಮಾತ್ರ.

ಗಾಯನ ಮುಗಿದ ಮೇಲೆ ಅದೇ ಕಂಠದಲ್ಲಿ ಅಕ್ಕಮಹಾದೇವಿಯ ವಚನವೊಂದು ಬಂದಿತು. ಮೊದಲ ಪದ ಕಿವಿಗೆ ಬೀಳುತ್ತಲೇ ನನ್ನ ಮಗಳು ತಲೆಯೆತ್ತಿದಳು. “ಅಪ್ಪಾ, ಇದ ನಮ್ಮ ಪುಸ್ತಕದಾಗ ಐತಿ!” ಎಂದಳು. ಸಾಂಗಲಿಯ ಹುಡುಗಿ ಅವಳ ಮುಖವನ್ನೇ ನೋಡಿದಳು. ಅವಳ ಮನೆಮಾತೂ ಕನ್ನಡವೇ, ಅಜ್ಜಿಯೊಂದಿಗೆ ಸೊಗಸಾಗಿ ಮಾತಾಡುತ್ತಾಳೆ. ಆದರೆ ವಚನದ ಕನ್ನಡ ಅವಳಿಗೆ ಹಿಡಿತಕ್ಕೆ ಸಿಗಲಿಲ್ಲ, ಅಕ್ಷರವನ್ನಂತೂ ಅವಳು ಕಲಿತಿಲ್ಲ. “ಏನಂತದು, ನನಗೂ ಹೇಳ” ಎಂದು ಕೇಳಿದಳು. ನನ್ನ ಮಗಳು ಅರ್ಧ ಮರಾಠಿ, ಅರ್ಧ ಮನೆಯ ಮಾತಿನಲ್ಲಿ ಅರ್ಥ ಹೇಳಿದಳು. ಅಷ್ಟಕ್ಕೆ ತೃಪ್ತಿಯಾಗದೆ ಆ ಹುಡುಗಿ ವಚನವನ್ನು ಬರೆದುಕೊಡೆಂದಳು. ಮಗಳು ಕನ್ನಡದಲ್ಲಿ ಬರೆಯತೊಡಗಿ, ಅರೆಕ್ಷಣ ನಿಂತು, ಹೊಡೆದುಹಾಕಿ, ದೇವನಾಗರಿಯಲ್ಲಿ ಬರೆದುಕೊಟ್ಟಳು. ಸೋದರಮಾವ ಚಹಾದ ಕಪ್ಪು ಹಿಡಿದು ಇದನ್ನು ನೋಡುತ್ತಿದ್ದರು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನಸೂರರ ಹೆಸರು ನಮ್ಮ ಭಾಗದವರಿಗೆ ಇನ್ನೂ ಒಂದು ಕಾರಣದಿಂದ ಹತ್ತಿರದ್ದು. ಧಾರವಾಡದ ಬಳಿಯ ಮನಸೂರ ಗ್ರಾಮದ ಈ ಹುಡುಗನನ್ನು ನಾಟಕ ಕಂಪನಿಯಿಂದ ಕರೆದೊಯ್ದು ಕಲಿಸಿದ ನೀಲಕಂಠಬುವಾ ಅವರು ನಮ್ಮದೇ ಸಾಂಗಲಿ ಜಿಲ್ಲೆಯ ಮಿರಜದವರು. ಮುಂದೆ ಅವರಿಗೆ ವಿದ್ಯೆಯನ್ನು ಧಾರೆಯೆರೆದ ಮಂಜಿಖಾನ್, ಬುರ್ಜಿಖಾನರು ಕೊಲ್ಲಾಪುರದ ಆಸ್ಥಾನದಲ್ಲಿದ್ದ ಉಸ್ತಾದ್ ಅಲ್ಲಾದಿಯಾಖಾನರ ಮಕ್ಕಳು. ಕನ್ನಡದ ಹುಡುಗ ಹಿಂದಿಯ ಬಂದಿಶುಗಳನ್ನು ಕಲಿಯಲು ಮರಾಠಿಯ ಊರುಗಳಿಗೆ ಬಂದನು, ಕಲಿತು ಮರಳಿ ಅಕ್ಕನ ವಚನವನ್ನು ಹಾಡಿದನು.

ಇಲ್ಲಿ ಇತಿಹಾಸದ ಒಂದೆರಡು ವರ್ಷಗಳನ್ನು ನೆನಪಿಸಬೇಕು. ಜತ್ತ, ಸಾಂಗಲಿ, ಮಿರಜ, ಜಮಖಂಡಿ, ಕೊಲ್ಲಾಪುರಗಳೆಲ್ಲ ಒಂದು ಕಾಲಕ್ಕೆ ಸಂಸ್ಥಾನಗಳು. ಜತ್ತವನ್ನು ಡಫಳೆ ಮನೆತನದವರು ಆಳುತ್ತಿದ್ದರು. 1948ರಲ್ಲಿ ಜತ್ತ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನಗಳು ಹೋದವೆಂದರೆ ಗವಾಯಿಗಳಿಗೆ ಅನ್ನ ಹಾಕುತ್ತಿದ್ದ ಆಸ್ಥಾನಗಳೂ ಹೋದವು. ಆ ಜಾಗವನ್ನು ತುಂಬಿದ್ದು ಬಹುಮಟ್ಟಿಗೆ ಬಾನುಲಿ. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಲ್ಲಿ ರೇಡಿಯೋ ಸಂಗೀತ ಸಮ್ಮೇಳನ ಬಂದವು. ಕಲಾವಿದರನ್ನು ಪರೀಕ್ಷಿಸಿ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳನ್ನು ಕೊಡುವ ಪದ್ಧತಿ ನೆಲೆಯೂರಿತು. ಅರಮನೆಯೊಳಗೆ ಕೆಲವರೇ ಕೇಳುತ್ತಿದ್ದುದನ್ನು ಕುರಿ ಕಾಯುವವನೂ ಕೇಳುವಂತಾಯಿತು.

ವಾಚಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಧಾರವಾಡ ಕೇಂದ್ರ ಆರಂಭವಾದಾಗ ಧಾರವಾಡವೂ ಜತ್ತವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆಗ ಅದು ಹೊರರಾಜ್ಯದ ಕೇಂದ್ರವಾಗಿರಲಿಲ್ಲ, ನಮ್ಮದೇ ರಾಜ್ಯದ ಕನ್ನಡ ಕೇಂದ್ರವಾಗಿತ್ತು. 1956ರ ನವೆಂಬರ್ 1ರಂದು ಧಾರವಾಡ, ವಿಜಾಪುರ, ಬೆಳಗಾವಿಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಾವು ಇಲ್ಲಿ ಉಳಿದೆವು. ಅದೇ 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂಬುದು ಅದರ ತಾತ್ಪರ್ಯ. ಗೆರೆ ಎಳೆದ ವರ್ಷವೇ ಗೆರೆಯಾಚೆ ಉಳಿದವರ ಮಕ್ಕಳ ನೆನಪನ್ನೂ ಸಂವಿಧಾನ ಮಾಡಿಕೊಂಡಿತು. ಆದರೆ ಅದು ಹೇಳುವುದು ‘ಪ್ರಾಥಮಿಕ ಹಂತ’ ಎಂದು. ನನ್ನ ಮಗಳು ಆ ಹಂತದ ಕೊನೆಯ ಮೆಟ್ಟಿಲುಗಳಲ್ಲಿ ನಿಂತಿದ್ದಳು. ಅಲ್ಲಿಂದ ಮುಂದೆ 29 ಮತ್ತು 30ನೆಯ ಅನುಚ್ಛೇದಗಳು ಭಾಷೆಯನ್ನು ಉಳಿಸಿಕೊಳ್ಳುವ, ಶಾಲೆ ನಡೆಸುವ ಹಕ್ಕನ್ನು ಕೊಡುತ್ತವೆ. ಶಾಲೆಗೆ ಮಕ್ಕಳನ್ನು ಕಳುಹಿಸುವುದು ತಂದೆತಾಯಿಗಳ ಕೈಯಲ್ಲಿದೆ.

ಮಧ್ಯಾಹ್ನದ ಹೊತ್ತಿಗೆ ಮಧ್ಯಮ ತರಂಗದ ಧ್ವನಿ ಸೊರಗಿತು. ಆಗ ಮೊಬೈಲಿನಲ್ಲಿ ಆಕಾಶವಾಣಿಯ ‘ರಾಗಂ’ ವಾಹಿನಿಯನ್ನು ಹಚ್ಚಿದೆವು. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಈ ವಾಹಿನಿ ದಿನದ ಇಪ್ಪತ್ನಾಲ್ಕು ಗಂಟೆಯೂ ಶಾಸ್ತ್ರೀಯ ಸಂಗೀತವನ್ನೇ ಪ್ರಸಾರ ಮಾಡುತ್ತದೆ, ಹಿಂದುಸ್ತಾನಿ ಮತ್ತು ಕರ್ನಾಟಕ ಎರಡನ್ನೂ. ಗಡಿಯಾಚೆಯ ಕನ್ನಡಿಗನಿಗೆ ಈಗ ಧ್ವನಿ ಸಿಗುವುದಿಲ್ಲವೆಂಬ ನೆಪವಿಲ್ಲ. ನಾವು ಹಚ್ಚಿದಾಗ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರರ ವೀಣೆ ನಡೆದಿತ್ತು, ಅನಂತರ ತ್ಯಾಗರಾಜರ ತೆಲುಗು ಕೃತಿಗಳು. ಮಗಳ ಹಾಳೆಯಲ್ಲಿ ಭಾಷೆಗಳ ಸಂಖ್ಯೆ ಬೆಳೆಯಿತು. ವೀಣೆಯ ಎದುರಿಗೆ ಮತ್ತೆ ಖಾಲಿ.

ಇಲ್ಲಿ ಸಾಂಗಲಿಯ ಹುಡುಗಿಗೆ ಒಂದು ಸಂದೇಹ ಬಂದಿತು. ಅವಳು ಕೀಬೋರ್ಡ್ ತರಗತಿಗೆ ಹೋಗುತ್ತಾಳೆ, ಸ್ವರಗಳ ಪರಿಚಯವಿದೆ. ತೋಡಿ ಎಂದು ಹೇಳಿ ಹಾಡಿದ ರಾಗದ ಸ್ವರಗಳು ತಾನು ಕಲಿತ ತೋಡಿಗೆ ಹೊಂದುತ್ತಿಲ್ಲವೆಂದಳು. ಅವಳು ಹೇಳಿದ್ದು ಸರಿ. ಎರಡೂ ಪದ್ಧತಿಗಳಲ್ಲಿ ತೋಡಿ ಉಂಟು, ಸ್ವರಗಳು ಬೇರೆ. ಹಿಂದುಸ್ತಾನಿ ತೋಡಿಯ ಸ್ವರಗಳು ಕರ್ನಾಟಕ ಪದ್ಧತಿಯ ಶುಭಪಂತುವರಾಳಿಯಲ್ಲಿವೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿ ಥಾಟಿನಲ್ಲಿವೆ. ಇದಕ್ಕೆ ಪ್ರತಿಯಾಗಿ ಹೆಸರು ಬೇರೆಯಾಗಿ ಸ್ವರಗಳು ಒಂದೇ ಆಗಿರುವ ಜೋಡಿಗಳೂ ಇವೆ. ಯಮನ್‌ಗೆ ಕಲ್ಯಾಣಿ, ಭೂಪಕ್ಕೆ ಮೋಹನ, ಮಾಲಕೌಂಸಕ್ಕೆ ಹಿಂದೋಳ. ಪುರಂದರದಾಸರ ಹೆಸರಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಡುವ ಮಾಯಾಮಾಳವಗೌಳದ ಸ್ವರಗಳೇ ಹಿಂದುಸ್ತಾನಿಯ ಭೈರವದ ಸ್ವರಗಳು.

ಗಡಿಯ ಮಕ್ಕಳಿಗೆ ಇದು ಹೊಸತಲ್ಲ. ಹಿಂದಿಯ ‘ಉಪನ್ಯಾಸ’ ನಮಗೆ ಕಾದಂಬರಿ, ಮರಾಠಿಗೂ ಕಾದಂಬರಿಯೇ. ನಮ್ಮ ‘ಉಪನ್ಯಾಸ’ವಾದರೋ ಸಭೆಯ ಭಾಷಣ. ಹೆಸರು ನೋಡಿ ಅರ್ಥ ತಿಳಿಯಿತೆಂದುಕೊಳ್ಳುವ ತಪ್ಪನ್ನು ಎರಡು ಮೂರು ಭಾಷೆಗಳ ನಡುವೆ ಬೆಳೆದ ಮಕ್ಕಳು ಬೇಗನೆ ಬಿಡುತ್ತಾರೆ. ನ್ಯಾಯಾಲಯದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಅಭ್ಯಾಸವೂ ಇದೇ ಆಗಿದೆ.

ಮೂರು ಗಂಟೆಯ ಸುಮಾರಿಗೆ ಮರಾಠಿ ಕೇಂದ್ರವೊಂದನ್ನು ಹಿಡಿದೆವು. ಭೀಮಸೇನ ಜೋಶಿಯವರ ಅಭಂಗ ಬರುತ್ತಿತ್ತು. ಸಾಂಗಲಿಯ ಹುಡುಗಿ ಧ್ವನಿಯನ್ನು ಕೂಡಲೇ ಗುರುತಿಸಿ, ಇವರು ಮರಾಠಿಯ ದೊಡ್ಡ ಗಾಯಕರೆಂದು ನಮಗೆ ತಿಳಿಸಿದಳು. ನನ್ನ ತಾಯಿ ಒಳಗಿನಿಂದಲೇ “ನಮ್ಮ ಗದಗಿನ್ಯಾವ್ರವ್ವಾ ಅವರು” ಎಂದರು. ಇಬ್ಬರದೂ ಸರಿಯೆಂದು ನಾನು ತೀರ್ಪು ಕೊಡಬೇಕಾಯಿತು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನರು ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆಯನ್ನು ಕೇಳಿ ಮರುಳಾಗಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಓಡಿದರು. ಊರೂರು ಅಲೆದು ಕೊನೆಗೆ ಗುರು ದೊರೆತದ್ದು ಗದಗಿನಿಂದ ಬಹಳ ದೂರವಲ್ಲದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಹೆಸರಾದವರು. ಅಬ್ದುಲ್ ಕರೀಂ ಖಾನರಾದರೋ ಉತ್ತರ ಪ್ರದೇಶದ ಕೈರಾಣಾದವರು, ನೆಲೆಸಿದ್ದು ಮಿರಜದಲ್ಲಿ. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಅವರ ಸಮಾಧಿ ಮಿರಜದ ದರ್ಗಾದಲ್ಲಿದೆ. ಅವರು ತ್ಯಾಗರಾಜರ ಕೃತಿಗಳನ್ನೂ ಧ್ವನಿಮುದ್ರಿಸಿದ್ದಾರೆ.

ಕೆಲಸದ ಮೇಲೆ ಸಾಂಗಲಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವಾಗ ನಾನು ಮಿರಜವನ್ನು ದಾಟಿ ಹೋಗುತ್ತೇನೆ. ಹಿಂದೆ ಆಯುಧಗಳನ್ನು ತಯಾರಿಸುತ್ತಿದ್ದ ಮನೆತನಗಳು ಅಲ್ಲಿ ತಂಬೂರಿ, ಸಿತಾರುಗಳನ್ನು ಮಾಡುತ್ತವೆ. ಬುರುಡೆಗೆ ಬೇಕಾಗುವ ಸೋರೆ ಬರುವುದು ಪಂಢರಪುರದ ಕಡೆಯ ಹೊಲಗಳಿಂದ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ನಾವು ದಿನವೂ ದಾಟುವ ಈ ಊರುಗಳ ಹೆಸರನ್ನು ದೂರದ ಸಂಗೀತಗಾರರು ಕೈಮುಗಿದು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಅದನ್ನು ಯಾರಾದರೂ ಹೇಳಬೇಕಲ್ಲವೆ?

ಸಂಜೆಗೆ ಮುನ್ನ ಸೋದರಮಾವನೂ ನಾನೂ ಆ ಕಾಗದದ ಮಾತಿಗೆ ಬಂದೆವು. ಅವರ ವಾದದಲ್ಲಿ ಹುರುಳಿತ್ತು. ಮುಂದಿನ ಪರೀಕ್ಷೆಗಳು, ವೈದ್ಯಕೀಯ ಮತ್ತು ತಂತ್ರವಿದ್ಯೆಯ ಕಾಲೇಜುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಕನ್ನಡ ಪ್ರೌಢಶಾಲೆಗಳಲ್ಲಿ ವಿಷಯ ಶಿಕ್ಷಕರ ಹುದ್ದೆಗಳು ಖಾಲಿ ಬೀಳುತ್ತವೆ. “ನೀವ ನೆನಪ ಮಾಡಿಕೊಳ್ರಿ ವಕೀಲರ, ಕಾಲೇಜಿನ್ಯಾಗ ಮೊದಲ ವರ್ಷ ಎಷ್ಟ ಒದ್ದಾಡಿದ್ರಿ” ಎಂದರು. ನಿಜ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಾನು ಎಲ್‌ಎಲ್‌ಬಿಯ ಮೊದಲ ವರ್ಷದಲ್ಲಿ ಇಂಗ್ಲಿಷ್ ತೀರ್ಪುಗಳನ್ನು ನಿಘಂಟು ಹಿಡಿದು, ಒಂದು ಪುಟಕ್ಕೆ ಒಂದು ಗಂಟೆಯಂತೆ ಓದಿದ್ದೇನೆ. ತರಗತಿಯಲ್ಲಿ ಎದ್ದು ನಿಂತಾಗ ನಗೆಗೆ ಈಡಾಗಿದ್ದೇನೆ. ಮಗಳಿಗೂ ಅದೇ ಬರಲಿ ಎನ್ನಲು ನಾನು ಯಾರು?

ಮನಸೂರರನ್ನೂ ಭೀಮಸೇನರನ್ನೂ ಸಾಕ್ಷಿಯಾಗಿ ಕರೆಯುವ ಆಸೆ ನನಗೆ ಬಂದಿತ್ತು. ಕರೆಯಲಿಲ್ಲ. ಅವರು ಬೆಳಗಿದ್ದು ಪ್ರತಿಭೆಯಿಂದ ಮತ್ತು ವರ್ಷಗಟ್ಟಲೆಯ ಸಾಧನೆಯಿಂದ. ಯಾವ ಮಾಧ್ಯಮದ ಶಾಲೆಗೂ ಅದರ ಕೀರ್ತಿಯಿಲ್ಲ. ಹೆಸರಾಂತರ ಜೀವನವನ್ನು ಸಾಮಾನ್ಯ ಮಕ್ಕಳ ಶಾಲೆಯ ಪ್ರಶ್ನೆಗೆ ಪುರಾವೆಯಾಗಿ ಒಡ್ಡುವುದು ದುರ್ಬಲ ವಾದ. ಹೀಗಾಗಿ ಇಬ್ಬರೂ ಸುಮ್ಮನಾದೆವು.

ಅಷ್ಟರಲ್ಲಿ ಬಿಸಿಲು ಇಳಿದು, ಗಂಗೂಬಾಯಿ ಹಾನಗಲ್ಲರ ಮಾರವಾ ಆರಂಭವಾಯಿತು. ಸೂರ್ಯಾಸ್ತದ ರಾಗ. “ಹಾಡಾಕತ್ತವ್ರು ಗಂಡಸರೋ ಹೆಂಗಸರೋ?” ಎಂದು ಮಕ್ಕಳಿಬ್ಬರೂ ಒಟ್ಟಿಗೆ ಕೇಳಿದರು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ಧ್ವನಿ ಹೀಗೆ ಗಡುಸಾಯಿತೆಂದೂ, ಆ ಧ್ವನಿಯಲ್ಲೇ ಅವರು ದೇಶವನ್ನೆಲ್ಲ ಒಲಿಸಿಕೊಂಡರೆಂದೂ ಹೇಳಿದೆ. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿಯನ್ನು ಕಲಿಯತೊಡಗಿದಾಗ, ಅವಳ ಕಲಿಕೆಗೆ ತೊಡಕಾಗಬಾರದೆಂದು ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಈ ಮಾತನ್ನು ಕೇಳಿ, ಒಳಗೆ ಭಕ್ಕರಿ ಬಡಿಯುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ಹೊರಗೆ ಬಂದು ಕುಳಿತಳು.

ಸ್ವಲ್ಪ ಹೊತ್ತಿನ ಬಳಿಕ ಸಾಂಗಲಿಯ ಹುಡುಗಿ, “ಇದರಾಗ ಪ ಇಲ್ಲ” ಎಂದಳು. ಮಾರವಾದಲ್ಲಿ ಪಂಚಮ ವರ್ಜ್ಯ. ಆದ್ದರಿಂದ ತಂಬೂರಿಯ ಮೊದಲ ತಂತಿಯನ್ನೂ ಪಂಚಮಕ್ಕೆ ಕೂಡಿಸದೆ ಬೇರೆ ಸ್ವರಕ್ಕೆ ಕೂಡಿಸುತ್ತಾರೆ. ಷಡ್ಜದ ಮೇಲೆ ನಿಲ್ಲುವುದನ್ನೂ ಗಾಯಕರು ಬಹಳ ಹೊತ್ತು ಮುಂದೂಡುತ್ತಾರೆ. ಈ ರಾಗವನ್ನು ಕೇಳುವಾಗ ಎಲ್ಲೋ ನೆಲೆ ತಪ್ಪಿದಂತೆ, ಹೊತ್ತು ಮುಳುಗಿದರೂ ಮನೆ ಸೇರದವರಂತೆ ಅನಿಸುವುದಕ್ಕೆ ಕಾರಣ ಇದೇ. ಬೆಳಿಗ್ಗೆ ವಚನದ ಅರ್ಥ ಹೇಳಿದವಳು ನನ್ನ ಮಗಳು. ಸಂಜೆ ಇಲ್ಲದ ಸ್ವರವನ್ನು ಗುರುತಿಸಿದವಳು ಇವಳು. ನನ್ನ ಮಗಳು ಅವಳಿಂದ ಕೇಳಿ ಹಾಳೆಯಲ್ಲಿ ಅದನ್ನೂ ಬರೆದುಕೊಂಡಳು.

ರಾಗಗಳಿಗೆ ಹೊತ್ತು ಗೊತ್ತುಮಾಡಿರುವುದು ಹಿಂದುಸ್ತಾನಿ ಪದ್ಧತಿಯ ವಿಶೇಷ. ಬೆಳಗಿಗೆ ಭೈರವ, ತೋಡಿ. ನಡುಹಗಲಿಗೆ ಸಾರಂಗದ ಪ್ರಕಾರಗಳು. ಇಳಿಹಗಲಿಗೆ ಭೀಮಪಲಾಸ, ಮುಲ್ತಾನಿ. ದೀಪ ಹಚ್ಚುವ ಹೊತ್ತಿಗೆ ಯಮನ್. ರಾತ್ರಿಗೆ ಬಾಗೇಶ್ರೀ, ಮಾಲಕೌಂಸ, ದರ್ಬಾರಿ. ಕರ್ನಾಟಕ ಪದ್ಧತಿಯಲ್ಲಿ ಈ ಕಟ್ಟು ಇಷ್ಟು ಬಿಗಿಯಿಲ್ಲ. ಕಚೇರಿಗಳು ಹೆಚ್ಚಾಗಿ ಸಂಜೆಗೇ ನಡೆಯುವುದರಿಂದ ಬೆಳಗಿನ ಮತ್ತು ಮಧ್ಯಾಹ್ನದ ರಾಗಗಳಿಗೆ ಸಭೆಯಲ್ಲಿ ಅವಕಾಶ ಕಡಿಮೆ. ಅವುಗಳನ್ನು ಅವುಗಳ ಹೊತ್ತಿನಲ್ಲೇ ದಿನವೂ ಕೇಳಿಸುತ್ತ ಬಂದದ್ದು ಬಾನುಲಿ.

ನಡುರಾತ್ರಿಯ ರಾಗಗಳಿಗಾದರೋ ಒಂದು ಕಾನೂನಿನ ಅಡ್ಡಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಗಳಿಗಿದೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಏರ್ಪಾಟನ್ನು ಎತ್ತಿಹಿಡಿಯಿತು. ಗುರುಗಳ ನೆನಪಿಗಾಗಿ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಹಿಂದೆ ಬೆಳಗಿನವರೆಗೆ ನಡೆಯುತ್ತಿತ್ತು, ಈಗ ಹಾಗಿಲ್ಲ. ರೋಗಿಗಳ, ವಿದ್ಯಾರ್ಥಿಗಳ ನಿದ್ದೆಯ ಹಕ್ಕನ್ನು ಕಾಯುವ ಈ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ದರ್ಬಾರಿಯನ್ನು ಅದರ ಹೊತ್ತಿನಲ್ಲಿ, ನೆರೆಯವರ ನಿದ್ದೆ ಕೆಡಿಸದೆ ಕೇಳಬಯಸುವವರಿಗೆ ಉಳಿದಿರುವುದು ದಿಂಬಿನ ಪಕ್ಕದ ರೇಡಿಯೋ.

ಶನಿವಾರದ ರಾತ್ರಿಯೆಂದರೆ ನನ್ನ ಬಾಲ್ಯದಲ್ಲಿ ರಾಷ್ಟ್ರೀಯ ಕಾರ್ಯಕ್ರಮದ ರಾತ್ರಿ. ತಂದೆಯವರು ಅಂಗಳದಲ್ಲಿ ಹೊರಸು ಹಾಕಿ ಕೇಳುತ್ತಿದ್ದರು. ಅವರಿಗೆ ಸ್ವರಜ್ಞಾನವಿರಲಿಲ್ಲ. ತಿಳಿಯದಿದ್ದರೂ ಯಾಕೆ ಕೇಳುತ್ತೀರೆಂದು ನಾನೊಮ್ಮೆ ಕೇಳಿದ್ದಕ್ಕೆ, “ಕೇಳಕೋತ ಹೋದರ ತಿಳೀತೈತಿ” ಎಂದಿದ್ದರು. ಆ ಶನಿವಾರವೂ ಅಂಗಳದಲ್ಲೇ ಹಾಸಿಗೆ ಹಾಸಿ ಕೇಳಿದೆವು. ಸಿತಾರಿನಲ್ಲಿ ದರ್ಬಾರಿ ನಡೆಯುತ್ತಿರುವಾಗ ಮಕ್ಕಳಿಬ್ಬರೂ ನಿದ್ದೆ ಹೋದರು. ಅಕ್ಕನ ವಚನ ಬರೆದ ಚೀಟಿ ಸಾಂಗಲಿಯ ಹುಡುಗಿಯ ತಲೆದಿಂಬಿನ ಕೆಳಗಿತ್ತು. ಸೋದರಮಾವ ಬಹಳ ಹೊತ್ತಿನ ಮೇಲೆ ತಮ್ಮ ತಂಗಿಗೆ ಹೇಳಿದರು: “ನನ್ನ ಮಗಳಿಗಿ ಸೂಟಿ ಮುಗಿಯೂತನಾ ಇಲ್ಲೇ ಬಿಟ್ಟ ಹೋಗತೇನಿ. ಅಕ್ಷರ ಆದ್ರೂ ಕಲೀಲಿ.”

ಪ್ರವೇಶಪತ್ರದ ಮಾತನ್ನು ಮುಗಿಸಿದವಳು ನನ್ನ ಹೆಂಡತಿ. ಮಗಳು ಹತ್ತನೆಯ ತರಗತಿಯವರೆಗೆ ಇಲ್ಲಿಯೇ ಓದಲಿ. ಇಂಗ್ಲಿಷಿಗೂ ಗಣಿತಕ್ಕೂ ಮನೆಯಲ್ಲಿ ನಾವಿಬ್ಬರೂ ದಿನಕ್ಕೆ ಒಂದು ಗಂಟೆ ಕುಳಿತುಕೊಳ್ಳಬೇಕು. ಕೆಲಸದ ನೆಪ ಹೇಳಕೂಡದು ಎಂದು ನನಗೆ ಷರತ್ತು ಹಾಕಿದಳು. ಒಪ್ಪಿದ್ದೇನೆ. ಇದು ನಮ್ಮ ಮನೆಯ ನಿರ್ಣಯ. ಬೇರೆ ನಿರ್ಣಯ ಮಾಡಿದ ತಂದೆತಾಯಿಗಳನ್ನು ನಾನು ದೂಷಿಸುವುದಿಲ್ಲ. ಅವರ ಮಕ್ಕಳೂ ಕನ್ನಡದ ಮಕ್ಕಳೇ, ಅವರಿಗೂ ಅಕ್ಷರ ಕಲಿಸಲ್ಪಡಬೇಕು ಎಂಬುದಷ್ಟೇ ನನ್ನ ಬಿನ್ನಹ. ಓದಲು ಬಾರದಿದ್ದರೆ ನಷ್ಟವಾಗುವುದು ಎಷ್ಟು ಎಂಬುದನ್ನು ಆ ಬೆಳಿಗ್ಗೆ ಒಂದು ವಚನದ ಎದುರಿಗೆ ಕಣ್ಣಾರೆ ಕಂಡೆ.

ವಾಚಕರಲ್ಲಿ ಇನ್ನೊಂದು ವಿನಂತಿ. ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುವ ಮೊದಲು ಒಂದು ದಿನ ನಿಮ್ಮ ಮನೆಯಲ್ಲಿಯೂ ಹೀಗೆ ಮಾಡಿ ನೋಡಿ. ಇಡೀ ದಿನ ಸಾಧ್ಯವಾಗದಿದ್ದರೆ ಬೆಳಗಿನ ಒಂದು ಗಂಟೆ ಸಾಕು. ಮಕ್ಕಳ ಕೈಗೆ ಹಾಳೆ ಕೊಡಿ. ತಿಳಿಯದಿದ್ದರೂ ಚಿಂತೆಯಿಲ್ಲ.

ನನ್ನ ಮಗಳ ಹಾಳೆ ಈಗ ತುಂಬಿದೆ. ಭಾಷೆಯ ಅಂಕಣದಲ್ಲಿ ಕನ್ನಡ, ಹಿಂದಿ, ತೆಲುಗು, ಮರಾಠಿ ಎಂದಿದೆ. ಆರಂಭದ ರಾಗಮುದ್ರೆ, ವೀಣೆ ಮತ್ತು ಸಿತಾರುಗಳ ಎದುರಿಗೆ ಅವಳು ಖಾಲಿ ಬಿಟ್ಟಿದ್ದ ಜಾಗಗಳಲ್ಲಿ ‘ಗುರುಗಳನ್ನು ಕೇಳಬೇಕು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದಾಳೆ. ಮುಂದಿನ ವಾರ ಎಂದಿನಂತೆ ಶಾಲಾ ದಾಖಲೆಯಲ್ಲಿ ಹೆಸರು ಮತ್ತು ಜನ್ಮದಿನಾಂಕದ ತಿದ್ದುಪಡಿಯ ಕುರಿತು ಬರೆಯುತ್ತೇನೆ.